ಸಹಾಯ ಬೇಕು: ಗೋಕರ್ಣದಲ್ಲಿ ನಡೆದೇ ಸುತ್ತಾಡಲು ಎಲ್ಲಿ ಉಳಿಯಬೇಕು?

ತುಮಕೂರಿನಿಂದ ಅಮ್ಮ, ಮಕ್ಕಳ ಜೊತೆ ಗೋಕರ್ಣಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿ ನೋವು. ಸಿದ್ಧಗಂಗೆ ಬೆಟ್ಟದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದಾರೆ. ಸಮತಟ್ಟಾದ ಅಂಗಡಿ ಬೀದಿ ಸಿಕ್ಕರೆ ಮಾತ್ರ ನಮಗಿಂತ ಜೋರು! ಅವರಿಗೆ ಮಹಾಬಲೇಶ್ವರ ದೇವಸ್ಥಾನ, ರಥಬೀದಿ, ಕೋಟಿತೀರ್ಥದ ಸುತ್ತಲಿನ ಹಳೇ ಹೆಂಚಿನ ಮನೆ ನೋಡಬೇಕು. ಮಕ್ಕಳಿಗೆ ಕುಡ್ಲೆ ಬೀಚೇ ಆಗಬೇಕು. ಮ್ಯಾಪಿನಲ್ಲಿ ಎರಡೂ ಹತ್ತಿರವೇ, ಆದರೆ ನಡುವೆ ಗುಡ್ಡ ಇದೆ ಅಲ್ವಾ? ಹೋಂಸ್ಟೇಗಳಿಗೆ ಫೋನ್ ಮಾಡಿದರೆ ಎಲ್ಲರದೂ ಒಂದೇ ಉತ್ತರ, "ಇಲ್ಲೇ, ಐದು ನಿಮಿಷ". ಮೆಟ್ಟಿಲು ಎಷ್ಟು ಅಂದರೆ ಸುಮ್ನೆ ಮಾತು ಹಾರಿಸುತ್ತಾರೆ.

ಹೋಗಿ ಬಂದವರು ಹೇಳಿ: ಆಟೋ ಇಳಿದ ಮೇಲೆ ಜಾಸ್ತಿ ಮೆಟ್ಟಿಲಿಲ್ಲದೆ ಕುಡ್ಲೆ ಮರಳಿಗೆ ಇಳಿಯುವ ದಾರಿ ಇದೆಯಾ? ಇಲ್ಲದಿದ್ದರೆ ರಥಬೀದಿ ಹತ್ತಿರವೇ ರೂಮ್ ಮಾಡುವುದು ಸರಿಯಾ?