ಪ್ರಣವನ ಪ್ರಶ್ನೆಗೆ: ಗೋಥೆನ್‌ಬರ್ಗ್‌ನ ನೀಲಿ-ಬಿಳಿ ತಂಡ ಮೇಲೆದ್ದಿದ್ದು ಹೇಗೆ, ಜಾರಿದ್ದು ಯಾಕೆ

ಪ್ರಣವ, ಬೆಳಿಗ್ಗೆ ನೀನು ಗ್ರೂಪಲ್ಲಿ ಕೇಳಿದ್ದು ನೋಡ್ದೆ. ಚಾಲ್ಮರ್ಸ್‌ನಲ್ಲಿ ನಿನ್ನ ಜೊತೆ ಓದೋ ಹುಡುಗರು ಆ ಊರಿನ ಫುಟ್‌ಬಾಲ್ ಕ್ಲಬ್ ಐಎಫ್‌ಕೆ ಗೋಥೆನ್‌ಬರ್ಗ್ ಅಂದ್ರೆ ಪ್ರಾಣ ಬಿಡ್ತಾರೆ, ಯುಇಎಫ್‌ಎ ಕಪ್ (ಯುರೋಪಿನ ಫುಟ್‌ಬಾಲ್ ಒಕ್ಕೂಟ ಯುಇಎಫ್‌ಎ ನಡೆಸ್ತಿದ್ದ, ಬೇರೆ ಬೇರೆ ದೇಶದ ಕ್ಲಬ್‌ಗಳ ಟೂರ್ನಿ) ಎರಡು ಸಲ ಗೆದ್ದಿದೀವಿ ಅಂತಾರೆ, ಪಟ್ಟಿ ತೆಗೆದು ನೋಡಿದ್ರೆ 2007ರ ಮೇಲೆ ಸ್ವೀಡನ್ ಲೀಗೇ ಗೆದ್ದಿಲ್ಲ, ಇದೇನ್ ಚಿಕ್ಕಪ್ಪ ಅಂತ. ಅದರ ಕೆಳಗೆ ಶಾಂತಕ್ಕ "ದುಡ್ಡಿದ್ದೋರು ಗೆಲ್ತಾರೆ, ಅಷ್ಟೇ" ಅಂತ ಹಾಕಿದಾರೆ. ಅಕ್ಕ, ನಿಮ್ಮ ಮಾತು ಅರ್ಧ ಸರಿ. ಗೆದ್ದ ಕಾಲದಲ್ಲಿ ಇವರ ಹತ್ರ ದುಡ್ಡೇ ಇರ್ಲಿಲ್ಲ. ಜಾರೋಕೆ ಮಾತ್ರ ದುಡ್ಡು ಕಾರಣ ಆಯ್ತು, ಅದೂ ಬೇರೆಯವರ ದುಡ್ಡು. ಉದ್ದ ಆಗತ್ತೆ, ಅಡುಗೆ ಮಾಡ್ತಾ ಕೇಳ್ಕೊಳಿ.

ಹಳೇದನ್ನ ಬೇಗ ಹೇಳ್ಬಿಡ್ತೀನಿ. 1904ರ ಅಕ್ಟೋಬರ್ 4ಕ್ಕೆ ಆನ್ನೆಡಾಲ್ ಬಡಾವಣೆಯ ಒಂದು ಕಾಫಿ ಅಂಗಡಿಯಲ್ಲಿ ಕ್ಲಬ್ ಹುಟ್ಟಿದ್ದು. 1908ರಲ್ಲಿ ಮೊದಲ ಚಾಂಪಿಯನ್‌ಶಿಪ್. 1942ರಲ್ಲಿ ಗೆದ್ದ ತಂಡದಲ್ಲಿ ಗುನ್ನಾರ್ ಗ್ರೆನ್ ಇದ್ದ, ಆಮೇಲೆ ಎಸಿ ಮಿಲಾನ್‌ಗೆ ಹೋಗಿ ದೊಡ್ಡ ಹೆಸರು ಮಾಡಿದ. 1969ರಲ್ಲಿ ಲೀಗ್ ಗೆದ್ರು, ಮಾರನೇ ವರ್ಷವೇ ಎರಡನೇ ದರ್ಜೆಗೆ ಬಿದ್ರು! 1970ರ ಕೊನೇ ಪಂದ್ಯದಲ್ಲಿ ಜನ ಮೈದಾನಕ್ಕೇ ನುಗ್ಗಿದ್ರು, ಏನೂ ಪ್ರಯೋಜನ ಆಗ್ಲಿಲ್ಲ. ಮತ್ತೆ ಮೇಲಿನ ದರ್ಜೆಯಲ್ಲಿ ಆಡಿದ್ದು 1977ಕ್ಕೆ.

ಅಸಲಿ ವಿಷಯ ಶುರುವಾಗೋದು 1979ರಲ್ಲಿ, ಸ್ವೆನ್-ಗೋರಾನ್ ಎರಿಕ್ಸನ್ ಕೋಚ್ ಆಗಿ ಬಂದಾಗ. ಆಮೇಲೆ ಇಂಗ್ಲೆಂಡ್ ತಂಡಕ್ಕೂ ಕೋಚ್ ಆದ್ನಲ್ಲ, ಅವನೇ. ಆಗ ಅವನಿಗೆ ಹೆಸರಿಲ್ಲ, ಡೆಗರ್‌ಫೋರ್ಸ್ ಅನ್ನೋ ಚಿಕ್ಕ ಕ್ಲಬ್ಬಿಂದ ಬಂದವನು. ಅಷ್ಟರಲ್ಲಿ ಬಾಬ್ ಹೌಟನ್ ಮತ್ತು ರಾಯ್ ಹಾಡ್ಜ್‌ಸನ್ ಅನ್ನೋ ಇಬ್ಬರು ಇಂಗ್ಲಿಷ್ ಕೋಚ್‌ಗಳು ಮಾಲ್ಮೋ, ಹಾಲ್ಮ್‌ಸ್ಟಾಡ್ ತಂಡಗಳಲ್ಲಿ ಹೊಸ ಕ್ರಮ ತಂದು ಗೆದ್ದು ತೋರಿಸಿದ್ರು. ಎರಿಕ್ಸನ್ ಅದನ್ನೇ ಹಿಡಿದು ಹದ ಮಾಡಿದ.

ಆ ಕ್ರಮ ಏನು ಅಂತ ಅರ್ಥ ಮಾಡ್ಕೊ, ಈ ಕ್ಲಬ್ಬಿನ ಗುಟ್ಟೆಲ್ಲ ಅಲ್ಲಿದೆ. ಅಲ್ಲೀವರೆಗೆ ಒಬ್ಬೊಬ್ಬ ಡಿಫೆಂಡರ್ ಒಬ್ಬೊಬ್ಬ ಎದುರಾಳಿ ಹಿಂದೆ ಓಡೋದು, ತಪ್ಪಿದ್ರೆ ಸಂಭಾಳಿಸೋಕೆ ಎಲ್ಲರ ಹಿಂದೆ ಇನ್ನೊಬ್ಬ ನಿಲ್ಲೋದು. ಎರಿಕ್ಸನ್ ಆ ಹಿಂದಿನವನನ್ನ ತೆಗೆದುಹಾಕಿ ನಾಲ್ಕು ಜನರನ್ನ ಒಂದೇ ಸಾಲಲ್ಲಿ ನಿಲ್ಲಿಸಿದ, ಮುಂದೆ ಮಿಡ್‌ಫೀಲ್ಡ್ ನಾಲ್ಕು, ಅದರ ಮುಂದೆ ಸ್ಟ್ರೈಕರ್ ಇಬ್ಬರು. ಕಾಯಬೇಕಾದ್ದು ಆಳನ್ನಲ್ಲ, ಜಾಗವನ್ನ. ಎದುರಾಳಿ ಕಾಲಿಗೆ ಚೆಂಡು ಬಂದ ತಕ್ಷಣ ಹತ್ತಿರದವನು ಅವನ ಮೇಲೆ ಬೀಳಬೇಕು, ಪಕ್ಕದವನು ಸ್ವಲ್ಪ ಹಿಂದೆ ಓರೆಯಾಗಿ ನಿಂತು ಅವನ ಬೆನ್ನು ಕಾಯಬೇಕು, ಉಳಿದವರೆಲ್ಲ ಚೆಂಡಿರೋ ಕಡೆಗೆ ಒಟ್ಟಿಗೆ ಸರೀಬೇಕು. ಹಿಂದಿನ ಸಾಲು ಮೇಲೇರಿ ಎದುರಾಳಿಯನ್ನ ಆಫ್‌ಸೈಡ್‌ಗೆ (ಪಾಸ್ ಬರೋವಾಗ ಕೊನೇ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ರೆ ಆಗೋ ತಪ್ಪು) ಸಿಕ್ಕಿಸಬೇಕು. ಕೇಳೋಕೆ ಸುಲಭ. ನಾಲ್ವರಲ್ಲಿ ಒಬ್ಬ ಎರಡು ಹೆಜ್ಜೆ ಹಿಂದೆ ಉಳಿದ್ರೂ ಬಲೆ ಹರಿದ ಹಾಗೆ. ಮುಂದಿನವನು ಅರೆಕ್ಷಣ ತಡವಾಗಿ ಹೋದ್ರೆ ಒಂದು ಉದ್ದ ಪಾಸ್, ಹಿಂದೆ ಎಲ್ಲ ಬಯಲು. ಅದಕ್ಕೇ ಇದು ವರ್ಷಗಟ್ಟಲೆ ಒಟ್ಟಿಗೆ ಆಡಿದ ತಂಡಕ್ಕೆ ಒಲಿಯತ್ತೆ, ನಿನ್ನೆ ಕೊಂಡು ತಂದ ಸ್ಟಾರ್‌ಗಳಿಗಲ್ಲ. ಶುರುವಲ್ಲಿ ಊರವರಿಗೆ ಈ ಆಟ ಹಿಡಿಸ್ಲಿಲ್ಲ, ನೀರಸ ಅಂತ ಗೊಣಗಿ ಮೈದಾನಕ್ಕೆ ಬರೋರೂ ಕಮ್ಮಿ ಆದ್ರು.

1981-82ರ ಯುಇಎಫ್‌ಎ ಕಪ್. ಆಟಗಾರರಲ್ಲಿ ಹೆಚ್ಚಿನವರು ಹಗಲು ಬೇರೆ ಕೆಲಸ ಮಾಡ್ಕೊಂಡು ಆಡ್ತಿದ್ದೋರು. ಕ್ಲಬ್ ದಿವಾಳಿ ಅಂಚಲ್ಲಿತ್ತು, ಕ್ವಾರ್ಟರ್‌ಫೈನಲ್‌ಗೆ ವೆಲೆನ್ಸಿಯಾಗೆ ಹೋಗೋಕೆ ಅಭಿಮಾನಿಗಳ ಸಂಘದಿಂದ ಸಾಲ ತಗೊಂಡ್ರು. ಹೀಗಿದ್ದೂ ಅವರೂರಲ್ಲಿ 2-2, ತಮ್ಮೂರಿನ ಎರಡನೇ ಪಂದ್ಯದಲ್ಲಿ 2-0. ಸೆಮಿಫೈನಲ್‌ನಲ್ಲಿ ಜರ್ಮನಿಯ ಕೈಸರ್ಸ್‌ಲಾಟರ್ನ್ ತಂಡವನ್ನ ಹೆಚ್ಚುವರಿ ಸಮಯದಲ್ಲಿ ದಾಟಿದ್ರು. ಫೈನಲ್ ಹ್ಯಾಂಬರ್ಗ್ ಮೇಲೆ, ಎರಡು ಪಂದ್ಯ. ಮೊದಲನೇದು ಗೋಥೆನ್‌ಬರ್ಗ್‌ನ ಉಲ್ಲೆವಿ ಮೈದಾನದಲ್ಲಿ, 87ನೇ ನಿಮಿಷದಲ್ಲಿ ಟೂರ್ಡ್ ಹೋಲ್ಮ್‌ಗ್ರೆನ್ ಹೊಡೆದ ಒಂದೇ ಗೋಲು. 1-0 ತಾನೇ, ನಮ್ಮ ಊರಲ್ಲಿ ನೋಡ್ಕೊತೀವಿ ಅಂತ ಹ್ಯಾಂಬರ್ಗ್‌ನವರು ಧೈರ್ಯವಾಗಿದ್ರು. ಮೇ 19ಕ್ಕೆ ಅವರ ಮೈದಾನದಲ್ಲೇ 3-0: ಕೊರ್ನೇಲಿಯುಸನ್, ಟೂರ್ಬ್ಯೋರ್ನ್ ನಿಲ್ಸನ್, ಪೆನಾಲ್ಟಿಯಲ್ಲಿ ಸ್ಟಿಗ್ ಫ್ರೆಡ್ರಿಕ್ಸನ್. ಇಡೀ ಟೂರ್ನಿಯಲ್ಲಿ ಒಂದು ಪಂದ್ಯವೂ ಸೋಲ್ಲಿಲ್ಲ. ಆ ತಂಡದಲ್ಲಿ ಗ್ಲೆನ್ ಅನ್ನೋ ಹೆಸರಿನವರೇ ನಾಲ್ಕು ಜನ. ಗೋಥೆನ್‌ಬರ್ಗ್‌ನಲ್ಲಿ ಎಲ್ಲರ ಹೆಸರೂ ಗ್ಲೆನ್ ಅಂತ ಸ್ವೀಡನ್‌ನಲ್ಲಿ ಈಗಲೂ ತಮಾಷೆ ಮಾಡ್ತಾರೆ, ನಿನ್ನ ಗೆಳೆಯರನ್ನ ಕೇಳಿ ನೋಡು.

ಗೆದ್ದ ಕೂಡಲೇ ಎರಿಕ್ಸನ್ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್‌ಗೆ ಹೋದ. ಟೂರ್ಬ್ಯೋರ್ನ್ ನಿಲ್ಸನ್ ಕೈಸರ್ಸ್‌ಲಾಟರ್ನ್‌ಗೆ, ಮಾರನೇ ವರ್ಷ ಗ್ಲೆನ್ ಸ್ಟ್ರೋಮ್‌ಬೆರಿ ಬೆನ್ಫಿಕಾಗೆ, ಗ್ಲೆನ್ ಹಿಸೇನ್ ಹಾಲೆಂಡಿನ ಪಿಎಸ್‌ವಿಗೆ. ಆದ್ರೂ ತಂಡ ಬೀಳ್ಲಿಲ್ಲ, ಯಾಕಂದ್ರೆ ಕ್ರಮ ಕ್ಲಬ್ಬಲ್ಲೇ ಉಳೀತು. 1987ರಲ್ಲಿ ಗುಂಡರ್ ಬೆಂಗ್ಟ್‌ಸನ್ ಕೋಚ್ ಆಗಿ ಮತ್ತೆ ಅದೇ ಕಪ್, ಮತ್ತೆ ಒಂದೂ ಸೋಲಿಲ್ಲದೆ. ಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಮೇಲೆ 1-0, 1-1. ಸೋತ ಊರಿನ ಜನವೇ ಎದ್ದು ನಿಂತು ಇವರಿಗೆ ಚಪ್ಪಾಳೆ ತಟ್ಟಿದ್ರು, ಅದಕ್ಕೆ ಆ ಅಭಿಮಾನಿಗಳಿಗೆ ಫಿಫಾ ಫೇರ್ ಪ್ಲೇ ಪ್ರಶಸ್ತಿ ಕೊಡ್ತು.

ಇಲ್ಲೊಂದು ಸೂಕ್ಷ್ಮ ಇದೆ. ಸ್ವೀಡನ್ ಲೀಗ್ ನಡೆಯೋದು ವಸಂತದಿಂದ ನವೆಂಬರ್‌ವರೆಗೆ. ಆಗೆಲ್ಲ ಯುರೋಪಿನ ಕ್ವಾರ್ಟರ್‌ಫೈನಲ್ ಬೀಳ್ತಿದ್ದಿದ್ದು ಮಾರ್ಚ್‌ನಲ್ಲಿ. ಎದುರಾಳಿಗಳು ಲೀಗಿನ ಮಧ್ಯದಲ್ಲಿ ಕಾದ ಕಬ್ಬಿಣದ ಹಾಗಿರ್ತಿದ್ರು, ಇವರು ಚಳಿಗಾಲದ ತಯಾರಿ ಮುಗಿಸಿ ನೇರ ಕಣಕ್ಕೆ. ಹಾಗಾಗಿ ಈ ಹಂತದಲ್ಲಿ ಇವರ ಲೆಕ್ಕ ಯಾವಾಗಲೂ ಕೂದಲೆಳೆ ಅಂತರದ್ದು. ಆಗ ಎರಡು ಪಂದ್ಯದ ಮೊತ್ತ ಸಮ ಆದ್ರೆ ಎದುರಾಳಿ ಊರಲ್ಲಿ ಹೆಚ್ಚು ಗೋಲು ಹೊಡೆದವರು ಮುಂದೆ ಹೋಗೋ ನಿಯಮ ಇತ್ತು. 1986ರ ಮಾರ್ಚ್‌ನಲ್ಲಿ ಯುರೋಪಿಯನ್ ಕಪ್‌ನಲ್ಲಿ (ದೇಶದೇಶದ ಚಾಂಪಿಯನ್‌ಗಳ ಟೂರ್ನಿ, ಆಮೇಲೆ ಚಾಂಪಿಯನ್ಸ್ ಲೀಗ್ ಆಯ್ತು) ಸ್ಕಾಟ್ಲೆಂಡಿನ ಅಬರ್ಡೀನ್ ಮೇಲೆ ಅಲ್ಲಿ 2-2, ಇಲ್ಲಿ 0-0, ಆ ನಿಯಮದಿಂದ ಪಾಸ್. 1987ರ ಮಾರ್ಚ್‌ನಲ್ಲಿ ಇಂಟರ್ ಮಿಲಾನ್ ಮೇಲೆ ಇಲ್ಲಿ 0-0, ಅಲ್ಲಿ 1-1, ಮತ್ತೆ ಪಾಸ್. 1995ರ ಮಾರ್ಚ್‌ನಲ್ಲಿ ಬಾಯರ್ನ್ ಮ್ಯೂನಿಕ್ ಜೊತೆ ಅಲ್ಲಿ 0-0 ಮಾಡ್ಕೊಂಡು ಬಂದ್ರು. ಉಲ್ಲೆವಿಯಲ್ಲಿ ಬಾಯರ್ನ್ ಗೋಲ್‌ಕೀಪರ್‌ಗೆ ಮೊದಲಾರ್ಧದಲ್ಲೇ ರೆಡ್ ಕಾರ್ಡ್. ಹತ್ತೇ ಜನ ಉಳಿದ ಬಾಯರ್ನ್ ಎರಡು ಗೋಲು ಹೊಡೀತು! ಇವರು ಕೊನೇ ಗಳಿಗೆಯಲ್ಲಿ 2-2 ಮಾಡಿದ್ರೂ ಅದೇ ನಿಯಮ ಇವರನ್ನ ಹೊರಗೆ ಹಾಕ್ತು. ಆ ನಿಯಮವನ್ನೇ 2021ರಲ್ಲಿ ಯುಇಎಫ್‌ಎ ತೆಗೆದುಹಾಕ್ತು.

1986ರದ್ದು ಅದಕ್ಕಿಂತ ಕಹಿ. ಅದೇ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನ ಮನೆಯಲ್ಲಿ 3-0 ಹೊಡೆದಿದ್ರು. ಅವರ ಕ್ಯಾಂಪ್ ನೌ ಮೈದಾನದಲ್ಲಿ ಪಿಚಿ ಅಲೊನ್ಸೊ ಒಬ್ಬನೇ ಮೂರು ಗೋಲು ಹೊಡೆದ, ಪೆನಾಲ್ಟಿಯಲ್ಲಿ 5-4ರಿಂದ ಸೋತ್ರು. ನನ್ನ ಕೇಳಿದ್ರೆ ಈ ಕ್ಲಬ್ಬಿನ ಅತಿ ದೊಡ್ಡ ಗಾಯ ಅದೇ.

1994ರ ಚಾಂಪಿಯನ್ಸ್ ಲೀಗ್ ಗುಂಪಲ್ಲಿ ಬಾರ್ಸಿಲೋನಾ, ಮ್ಯಾಂಚೆಸ್ಟರ್ ಯುನೈಟೆಡ್, ಗಲಾತಸರಾಯ್. ಇವರೇ ಮೊದಲ ಸ್ಥಾನ. ಉಲ್ಲೆವಿಯಲ್ಲಿ ಬಾರ್ಸಿಲೋನಾವನ್ನ 2-1, ಯುನೈಟೆಡ್ ತಂಡವನ್ನ 3-1 ಸೋಲಿಸಿದ್ರು. ಕೋಚ್ ರೋಗರ್ ಗುಸ್ತಾಫ್‌ಸನ್ 1990ರಿಂದ 1995ರೊಳಗೆ ಐದು ಲೀಗ್ ಗೆದ್ದುಕೊಟ್ಟ. ಎಡಗಡೆ ಓಡ್ತಿದ್ದ ಯೆಸ್ಪರ್ ಬ್ಲೂಮ್‌ಕ್ವಿಸ್ಟ್ ಮುಂದೆ 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಯುನೈಟೆಡ್ ಪರವೇ ಆಡಿದ.

ಶಾಂತಕ್ಕ, ಈಗ ನಿಮ್ಮ ದುಡ್ಡಿನ ಮಾತಿಗೆ ಬಂದೆ. 1995ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ ಬೋಸ್ಮನ್ ತೀರ್ಪು ಕೊಡ್ತು. ಕಾಂಟ್ರಾಕ್ಟ್ ಮುಗಿದ ಆಟಗಾರ, ಹಳೇ ಕ್ಲಬ್‌ಗೆ ಯಾರೂ ಪೈಸೆ ಕೊಡದೆ, ಬೇರೆ ಕ್ಲಬ್‌ಗೆ ಹೋಗಬಹುದು, ಯುರೋಪಿಯನ್ ಒಕ್ಕೂಟದ ಆಟಗಾರರನ್ನ ವಿದೇಶಿ ಅಂತ ಎಣಿಸೋ ಹಾಗಿಲ್ಲ. ಅದಕ್ಕೆ ಮುಂಚೆ ಇಟಲಿ, ಜರ್ಮನಿ ತಂಡಗಳಲ್ಲಿ ವಿದೇಶಿಗಳಿಗೆ ಇದ್ದದ್ದೇ ಕೆಲವು ಜಾಗ, ಒಳ್ಳೇ ಸ್ವೀಡಿಷ್ ಆಟಗಾರರು ಊರಲ್ಲೇ ಇನ್ನಷ್ಟು ವರ್ಷ ಉಳೀತಿದ್ರು. ತೀರ್ಪಿನ ಮೇಲೆ ಆ ಅಡ್ಡಿ ಹೋಯ್ತು. ಒಟ್ಟಿಗೆ ಆಡಿ ಪಳಗಬೇಕಾದ ಆ ನಾಲ್ಕರ ಸಾಲು ಉಳಿಯೋದಾದ್ರೂ ಹೇಗೆ ಈಗ? 1997-98ರ ಮೇಲೆ ಇವರು ಚಾಂಪಿಯನ್ಸ್ ಲೀಗ್ ಗುಂಪಿನ ಹಂತಕ್ಕೆ ಹೋಗೇ ಇಲ್ಲ. 2002ರಲ್ಲಿ ದರ್ಜೆ ಉಳಿಸ್ಕೊಳ್ಳೋಕೆ ಪ್ಲೇಆಫ್ ಆಡಬೇಕಾಯ್ತು. 2007ರಲ್ಲಿ 18ನೇ ಪಟ್ಟ, 2008, 2013, 2015, 2020ರಲ್ಲಿ ಸ್ವೀಡಿಷ್ ಕಪ್, ಅಷ್ಟೇ. ಅತ್ತ ಮಾಲ್ಮೋ 2014, 2015, 2021ರಲ್ಲಿ ಗುಂಪಿನ ಹಂತ ತಲುಪಿ ಅಲ್ಲಿ ಸಿಕ್ಕ ದುಡ್ಡಲ್ಲಿ ತಂಡ ಕಟ್ಕೊಂಡು ಮುಂದೆ ಹೋಯ್ತು. ಸಿರಿವಂತ ಮಾಲೀಕನೂ ಬರೋ ಹಾಗಿಲ್ಲ, ಸ್ವೀಡನ್‌ನಲ್ಲಿ ಕ್ಲಬ್ಬಿನ ಶೇ. 51 ಮತ ಸದಸ್ಯರ ಕೈಲೇ ಇರಬೇಕು. ನನಗೆ ಆ ನಿಯಮ ಇಷ್ಟ, ಅದರ ಬೆಲೆ ಇದು.

ಆದ್ರೂ ದುಡ್ಡೇ ಎಲ್ಲ ಅಲ್ಲ ಅಕ್ಕ. 2025ರ ಅಕ್ಟೋಬರ್‌ನಲ್ಲಿ ಮ್ಯಾಲ್‌ಬಿ ಅನ್ನೋ ಮೀನುಗಾರರ ಹಳ್ಳಿಯ ಕ್ಲಬ್ ಇನ್ನೂ ಮೂರು ಪಂದ್ಯ ಬಾಕಿ ಇರುವಾಗಲೇ ಲೀಗ್ ಗೆದ್ದುಬಿಡ್ತು. ಯಾವ ಮೈದಾನದಲ್ಲಿ ಗೊತ್ತಾ? ಗೋಥೆನ್‌ಬರ್ಗ್‌ನಲ್ಲೇ, ಈ ನೀಲಿ-ಬಿಳಿಯವರನ್ನೇ 2-0 ಹೊಡೆದು.

ಪ್ರಣವ, ಪಂದ್ಯಕ್ಕೆ ಹೋಗೋದಾದ್ರೆ ಗಮಲಾ ಉಲ್ಲೆವಿಗೆ ಟಿಕೆಟ್ ತಗೋ. ಸುಮಾರು 18,000 ಜನ ಹಿಡಿಯೋ ಮೈದಾನ, 2009ರಲ್ಲಿ ಹೊಸದಾಗಿ ಕಟ್ಟಿದ್ದು. ಹತ್ತಿರದಲ್ಲೇ 1958ರ ವಿಶ್ವಕಪ್‌ಗೆ ಕಟ್ಟಿದ ದೊಡ್ಡ ಉಲ್ಲೆವಿ ಇದೆ, ನಾನು ಹೇಳಿದ ಯುರೋಪ್ ಪಂದ್ಯಗಳು ನಡೆದಿದ್ದು ಅಲ್ಲಿ. ಲೀಗ್ ಪಂದ್ಯಕ್ಕೆ ಆ ಗೇಟಿಗೆ ಹೋಗಿ ನಿಂತ್ಕೋಬೇಡ. ಏಪ್ರಿಲ್‌ನಲ್ಲಿ ಸಂಜೆ ಪಂದ್ಯ ಇದ್ರೆ ಟೋಪಿ, ಕೈಗವಸು ಮರೀಬೇಡ. ಸ್ಟಾಕ್‌ಹೋಮ್‌ನ ಎಐಕೆ ತಂಡ ಅಥವಾ ಮಾಲ್ಮೋ ಬರೋ ದಿನದ ಟಿಕೆಟ್ ಮುಂಚೇನೇ ತಗೊಂಡಿರು.