ಟ್ರಿನಿಡಾಡಿಗೆ ಹೊರಟಿದ್ದೇವೆ: ಯಾವ ಚರ್ಚು, ಯಾವ ಗುಡಿ ನೋಡಬೇಕು?

ತೀರ್ಥಹಳ್ಳಿಯ ಮೇಷ್ಟ್ರು:
ಮಗಳು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಡಿಕೆ ಕೊಯ್ಲಿನ ಗಲಾಟೆ ಮುಗಿದ ಮೇಲೆ, ಮಾರ್ಚ್ ಕೊನೆಗೆ ನಾನೂ ಮನೆಯವಳೂ ಮೂರು ವಾರಕ್ಕೆ ಹೊರಡುತ್ತೇವೆ. ಕಡಲ ದಂಡೆಯಲ್ಲಿ ಬಿಸಿಲು ಕಾಯಿಸುವ ವಯಸ್ಸಲ್ಲ. ಹಳೆಯ ಚರ್ಚು, ಗುಡಿಗಳನ್ನು ನೋಡುವ ಆಸೆ. ರಾಜಧಾನಿಯಲ್ಲಿ ಎರಡು ಕೆಥೆಡ್ರಲ್‌ಗಳಿವೆ, ಅಷ್ಟು ಸಾಕು ಎನ್ನುತ್ತಾಳೆ ಮಗಳು. ಮನೆಯವಳದು ಬೇರೆಯೇ ಸಂದೇಹ: ಚರ್ಚಿನಲ್ಲಿ ನಾವು ಎಣ್ಣೆ ಒಪ್ಪಿಸಬಹುದೆ? ನಗಬೇಡಿ, ಬಲ್ಲವರು ಹೇಳಿ.

ಸಾಗರದ ಸೊಸೆ:
ನಗುವುದೇಕೆ ಮೇಷ್ಟ್ರೇ, ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ನಾಲ್ಕು ವರ್ಷ ಅಲ್ಲಿದ್ದವಳು ನಾನು. ಒಪ್ಪಿಸಬಹುದು, ಸಿಪಾರಿಯಾದಲ್ಲಿ.

ದ್ವೀಪದ ದಕ್ಷಿಣದ ಆ ಊರಿನ ಕ್ಯಾಥೋಲಿಕ್ ಚರ್ಚಿನಲ್ಲಿ ಕಪ್ಪು ಮೈಬಣ್ಣದ ಮೇರಿ ಮಾತೆಯ ಪ್ರತಿಮೆಯಿದೆ. ಕ್ರೈಸ್ತರಿಗೆ ಅವಳು ‘ಲಾ ದಿವಿನಾ ಪಾಸ್ತೋರಾ’, ಹಿಂದೂಗಳಿಗೆ ‘ಸಿಪಾರಿ ಮಾಯಿ’. ಗುಡ್ ಫ್ರೈಡೇ ಹಿಂದಿನ ಸಂಜೆಯಿಂದಲೇ ಹಿಂದೂಗಳ ಸಾಲು ಶುರುವಾಗುತ್ತದೆ. 1845ರ ಮೇ 30ರಂದು ‘ಫತೇಲ್ ರಜಾಕ್’ ಹಡಗಿನಲ್ಲಿ ಭಾರತದಿಂದ ಮೊದಲು ಬಂದಿಳಿದ ಕೂಲಿಗಳ, ಅವರ ಹಿಂದೆ ಬಂದವರ ಮರಿಮಕ್ಕಳು ಇವರು. ನನ್ನ ಮುಂದೆ ನಿಂತಿದ್ದ ಅಜ್ಜಿ ರಮ್ಮಿನ ಚಪ್ಪಟೆ ಬಾಟಲಿಯಲ್ಲಿ ತೆಂಗಿನೆಣ್ಣೆ ತಂದಿದ್ದರು. ಎಣ್ಣೆ ಒಪ್ಪಿಸಿ, ಬೆರಳಿಗೆ ಅಂಟಿದ್ದನ್ನು ಮೊಮ್ಮಗನ ನೆತ್ತಿಗೆ ಸವರಿದರು. ಹೊರಗೆ ಮಕ್ಕಳ ಚೌಲದ ಕೂದಲು ಕತ್ತರಿಸಲು ಕ್ಷೌರಿಕರು ಕಾಯುತ್ತಿದ್ದರು. ನಿಮ್ಮ ಪ್ರಯಾಣಕ್ಕೆ ಗುಡ್ ಫ್ರೈಡೇ ಸಿಗುತ್ತದೆಯೋ ಎಂದು ಮೊದಲು ಕ್ಯಾಲೆಂಡರ್ ನೋಡಿ.

ವಾಟರ್‌ಲೂ ಊರಿನ ಸಮುದ್ರದ ಗುಡಿ ಎರಡನೆಯದು. ಸಿವ್‌ದಾಸ್ ಸಾಧು ಎಂಬ ಕಬ್ಬಿನ ತೋಟದ ಕೂಲಿ 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದರು. ಅದನ್ನು ಕೆಡವಿ ಅವರನ್ನು ಜೈಲಿಗೂ ಹಾಕಿದರು. ನೆಲ ಕಂಪನಿಯದಾದರೆ ಸಮುದ್ರವಂತೂ ಯಾರಪ್ಪನದೂ ಅಲ್ಲವಲ್ಲ! ಸೈಕಲ್ಲಿನಲ್ಲಿ ಸಾಮಾನು ಸಾಗಿಸಿ, ನೀರಿನೊಳಗೇ ವರ್ಷಗಟ್ಟಲೆ ಕಟ್ಟಿದರು. ಈಗ ಕಾಣುವುದು 1990ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಉಬ್ಬರದ ಹೊತ್ತು ವಿಚಾರಿಸಿಕೊಂಡು ಹೋಗಿ; ನಾನು ಇಳಿತದಲ್ಲಿ ಹೋಗಿ, ಸಮುದ್ರದ ಗುಡಿಯನ್ನು ಕೆಸರುಗದ್ದೆಯ ಗುಡಿಯಾಗಿ ನೋಡಿ ಬಂದೆ. ಹತ್ತಿರದ ಕರಾಪಿಚೈಮಾದಲ್ಲಿ 85 ಅಡಿಯ ಹನುಮಂತನಿದ್ದಾನೆ. ನಮ್ಮ ಮೈಸೂರಿನ ದತ್ತಪೀಠದವರದ್ದೇ ಅದು.

ರಾಜಧಾನಿಯ ಕೆಥೆಡ್ರಲ್‌ಗಳಿಗೆ ಅರ್ಧ ದಿನ ಸಾಕು. 1832ರಲ್ಲಿ ಮುಗಿದ ಕ್ಯಾಥೋಲಿಕರದ್ದರ ಕಲ್ಲುಕಟ್ಟಡ ಚೆನ್ನಾಗಿದೆ, ನಿಜ. ಆದರೆ ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನೊಳಗೆ ಕತ್ತೆತ್ತಿ ನಿಂತವರಿಗೆ ಅದರ ಎತ್ತರ ಹೊಸದೆನಿಸುವುದಿಲ್ಲ.

ಹೊಸನಗರದವ:
ಮೇಷ್ಟ್ರೇ, ಇದಕ್ಕೆ ಏಳು ಸಮುದ್ರ ದಾಟಬೇಕೆ? ನಿಮ್ಮ ತಾಲ್ಲೂಕಿನ ಹಣಗೆರೆಕಟ್ಟೆಯಲ್ಲಿ ದರ್ಗಾ, ಭೂತರಾಯ, ಚೌಡೇಶ್ವರಿ ಒಂದೇ ಸೂರಿನಡಿ ಇಲ್ಲವೆ? ಅಲ್ಲಿ ಹರಕೆಯ ಬೀಗ ಹಾಕಿ ಬಂದವನು ನಾನು.

ಸಾಗರದ ಸೊಸೆ:
ಅದಕ್ಕೇ ಹೇಳಿದ್ದು ಅಣ್ಣಾ. ಹಣಗೆರೆಕಟ್ಟೆ ಕಂಡವರಿಗೆ ಸಿಪಾರಿಯಾದ ಸಾಲು ಪರಕೀಯ ಅನ್ನಿಸುವುದಿಲ್ಲ. ಮೇಷ್ಟ್ರೇ, ಭುಜ ಮುಚ್ಚುವ ಬಟ್ಟೆ ಇರಲಿ. ಸಾಲು ಉದ್ದವಿರುತ್ತದೆ, ಅಮ್ಮನಿಗೆ ಮಡಚುವ ಸ್ಟೂಲ್ ಒಯ್ಯಿರಿ.

ತೀರ್ಥಹಳ್ಳಿಯ ಮೇಷ್ಟ್ರು:
ಕ್ಯಾಲೆಂಡರ್ ನೋಡಿದೆ, ಗುಡ್ ಫ್ರೈಡೇ ಸಿಗುತ್ತದೆ. ಗಾಣದ ಎಣ್ಣೆ ಆಗಲೇ ಬಾಟಲಿಗೆ ಇಳಿದಾಗಿದೆ. ಕೈಚೀಲದಲ್ಲಿ ಅಷ್ಟು ಎಣ್ಣೆ ಬಿಡುವುದಿಲ್ಲ ಎಂದದ್ದಕ್ಕೆ, ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡುತ್ತೇನೆ ಎಂದಳು ಮನೆಯವಳು. ಯಾರ ಬಟ್ಟೆಯೆಂದು ಕೇಳುವ ಧೈರ್ಯ ಮಾಡಲಿಲ್ಲ.