ಕೊನೇಲಿ ಫುಲ್‌ಸ್ಟಾಪ್ ಇದ್ರೆ ಡಿಕ್ಲರೇಟಿವ್ ಅಂತ ಹೇಳ್ಬಿಡಬಹುದಾ?

ಕಲಿಯೋಹುಡ್ಗಿ:
ಇಂಗ್ಲಿಷ್ ಗ್ರಾಮರ್ ಓದ್ತಾ ಇದೀನಿ, ಒಂದು ಕಡೆ ಸಿಕ್ಕಾಕೊಂಡೆ. ಡಿಕ್ಲರೇಟಿವ್ ಸೆಂಟೆನ್ಸ್ ಅಂದ್ರೆ ಏನೋ ಒಂದು ವಿಷಯ ತಿಳಿಸೋ ವಾಕ್ಯ, ಕೊನೇಲಿ ಫುಲ್‌ಸ್ಟಾಪ್ ಇರತ್ತೆ, ಅಷ್ಟು ಗೊತ್ತು. ಆದ್ರೆ "ಐ ಡೋಂಟ್ ನೋ ವೇರ್ ಹೀ ಈಸ್" ಅನ್ನೋದನ್ನೂ ಡಿಕ್ಲರೇಟಿವ್ ಅಂತ ಕೊಟ್ಟಿದಾರೆ, ಒಳಗೆ ವೇರ್ ಇದೆಯಲ್ಲ, ಪ್ರಶ್ನೆ ಅಲ್ವಾ ಅದು? ಆಮೇಲೆ "ಕ್ಲೋಸ್ ದ ಡೋರ್" ಗೂ ಫುಲ್‌ಸ್ಟಾಪೇ ಇದೆ, ಅದು ಯಾಕೆ ಈ ಗುಂಪಿಗೆ ಬರಲ್ಲ? ಡೋಂಟ್, ನಾಟ್ ಬಂದ್ರೆ ನೆಗೆಟಿವ್ ಅಂತ ಬೇರೇನೇ ಲೆಕ್ಕನಾ? ಯಾರಾದ್ರೂ ಬಿಡಿಸಿ ಹೇಳಿ ಪ್ಲೀಸ್.

ಹಳೇಮೇಷ್ಟ್ರು:
ಫುಲ್‌ಸ್ಟಾಪ್ ನಂಬ್ಕೋಬೇಡಿ. ಸಬ್ಜೆಕ್ಟ್ ಎಲ್ಲಿದೆ, ವರ್ಬ್ ಎಲ್ಲಿದೆ ನೋಡಿ. "ಶೀ ಈಸ್ ರೆಡಿ" ಅಂದಾಗ ಶೀ ಮುಂದೆ, ಈಸ್ ಹಿಂದೆ, ಡಿಕ್ಲರೇಟಿವ್. "ಈಸ್ ಶೀ ರೆಡಿ" ಅಂದ್ರೆ ಜಾಗ ಅದಲುಬದಲು, ಪ್ರಶ್ನೆ ಆಯ್ತು. ನಾವು ಕನ್ನಡದಲ್ಲಿ ಬಂದ್ರು ಅನ್ನೋದನ್ನ ಬಂದ್ರಾ ಅಂತ ಎಳೆದ್ರೆ ಸಾಕು, ಪದಗಳು ಇದ್ದಲ್ಲೇ ಇರ್ತವೆ, ಅದಕ್ಕೇ ಈ ಜಾಗದ ವಿಷಯ ನಮಗೆ ಬೇಗ ಕಣ್ಣಿಗೆ ಬೀಳಲ್ಲ. "ಕ್ಲೋಸ್ ದ ಡೋರ್" ನಲ್ಲಿ ಸಬ್ಜೆಕ್ಟೇ ಕಾಣಲ್ಲ, ನೇರ ವರ್ಬಿಂದ ಶುರು, ಅದು ಇಂಪರೇಟಿವ್, ಅಂದ್ರೆ ಏನಾದ್ರೂ ಮಾಡು ಅಂತ ಹೇಳೋ ವಾಕ್ಯ.
ನೆಗೆಟಿವ್ ಅನ್ನೋದು ಬೇರೆ ಲೆಕ್ಕ, ಅದನ್ನ ಇದರ ಜೊತೆ ಕಲೆಸಬೇಡಿ. "ಹೀ ಡಸ್ ನಾಟ್ ಸಿಂಗ್" ಡಿಕ್ಲರೇಟಿವ್ವೇ. ವಾಕ್ಯ ನಿಜ ಆಗಿರಬೇಕು ಅಂತಾನೂ ಇಲ್ಲ, "ದ ಸನ್ ಈಸ್ ಕೋಲ್ಡ್" ಶುದ್ಧ ಸುಳ್ಳು, ಆದ್ರೂ ಡಿಕ್ಲರೇಟಿವ್.

ರಾತ್ರಿಗೂಬೆ೭:
ಮೇಷ್ಟ್ರು ವೇರ್ ವಿಷಯ ಬಿಟ್ಬಿಟ್ರು, ಎಲ್ಲರೂ ಎಡವೋದೇ ಅಲ್ಲಿ. ಇಡೀ ವಾಕ್ಯ ಯಾವ ಜಾತಿ ಅಂತ ಮೇನ್ ಕ್ಲಾಝ್, ಅಂದ್ರೆ ವಾಕ್ಯದ ಮುಖ್ಯ ಭಾಗ, ಹೇಳತ್ತೆ. ನಿಮ್ಮ ವಾಕ್ಯದಲ್ಲಿ ಅದು "ಐ ಡೋಂಟ್ ನೋ", ಅಂದ್ರೆ ನನಗೆ ಗೊತ್ತಿಲ್ಲ ಅಂತ ತಿಳಿಸ್ತಾ ಇದೀರಿ, ಕೇಳ್ತಾ ಇಲ್ಲ. ವೇರ್ ಹೀ ಈಸ್ ಅನ್ನೋದು ನೋ ಅನ್ನೋ ವರ್ಬಿನ ಆಬ್ಜೆಕ್ಟ್ ಅಷ್ಟೆ. ಅದಕ್ಕೇ ಒಳಗೂ ಹೀ ಮೊದಲು ಈಸ್ ಆಮೇಲೆ, ಎಷ್ಟೋ ಜನ "ಐ ಡೋಂಟ್ ನೋ ವೇರ್ ಈಸ್ ಹೀ" ಅಂತ ಬರೀತಾರೆ, ಬರವಣಿಗೇಲಿ ಅದು ತಪ್ಪು. ಡೂ, ಡಸ್, ಡಿಡ್ ಇದ್ರೆ ಅದೂ ಮಾಯ: "ವೇರ್ ಡಸ್ ಶೀ ವರ್ಕ್" ಹೋಗಿ "ಐ ನೋ ವೇರ್ ಶೀ ವರ್ಕ್ಸ್" ಆಗತ್ತೆ, ಡಸ್ ಹೋದ ತಕ್ಷಣ ವರ್ಕ್‌ಗೆ ಎಸ್ ಬಂತು ನೋಡಿ. ಅದೇ "ಡೂ ಯು ನೋ ವೇರ್ ಹೀ ಈಸ್" ಅಂದ್ರೆ ಪ್ರಶ್ನೆ, ಯಾಕಂದ್ರೆ ಡೂ ಯು ನೋ ಅನ್ನೋದೇ ಪ್ರಶ್ನೆ. ಆದ್ರೂ ವೇರ್ ಹೀ ಈಸ್ ಅಲುಗಾಡಲಿಲ್ಲ!

ಕಾಮಾಕುಟ್ಟಿ:
ಜಾಗ ನೋಡಿ ಅನ್ನೋ ರೂಲ್ ಸುಮಾರಾಗಿ ಸರಿ, ಪೂರ್ತಿ ಅಲ್ಲ. "ನೆವರ್ ಹ್ಯಾವ್ ಐ ಸೀನ್ ಸಚ್ ಎ ಮೆಸ್" ನೋಡಿ, ಹ್ಯಾವ್ ಮುಂದೆ ಬಂದಿದೆ, ಆದ್ರೂ ಪ್ರಶ್ನೆ ಅಲ್ಲ, ನೆವರ್‌ನ ಒತ್ತಿ ಹೇಳೋಕೆ ಮುಂದೆ ತಂದಿದ್ದಕ್ಕೆ ಹಂಗಾಗಿರೋದು. ಉಲ್ಟಾನೂ ಇದೆ, "ಯು ಆರ್ ಲೀವಿಂಗ್?" ಅಂತ ದನಿ ಏರಿಸಿ ಕೇಳ್ತೀವಲ್ಲ, ರೂಪ ಡಿಕ್ಲರೇಟಿವ್, ಕೆಲಸ ಪ್ರಶ್ನೇದು. "ಐ ವುಡ್ ಲೈಕ್ ಯು ಟು ಲೀವ್" ಅಂತ ಯಾರಾದ್ರೂ ಅಂದ್ರೆ ಅದೂ ರೂಪದಲ್ಲಿ ಡಿಕ್ಲರೇಟಿವ್, ಆದ್ರೆ ಸುಮ್ನೆ ಎದ್ದು ಹೊರಡೋದು ಒಳ್ಳೇದು 😄

ಕಲಿಯೋಹುಡ್ಗಿ:
ಹಂಗಾದ್ರೆ "ಐ ಆಸ್ಕ್ಡ್ ಹಿಮ್ ವೈ ಹೀ ವಾಸ್ ಲೇಟ್" ಕೂಡ ಡಿಕ್ಲರೇಟಿವ್ವೇ ತಾನೇ? ಆಸ್ಕ್ಡ್, ವೈ ಎರಡೂ ಇದೆ ಅಂತ ಡೌಟು.

ರಾತ್ರಿಗೂಬೆ೭:
ಹೌದು, ಕೇಳಿದೆ ಅಂತ ತಿಳಿಸ್ತಾ ಇದೀರಿ ಅಷ್ಟೆ. ಕ್ವೆಶ್ಚನ್ ಮಾರ್ಕ್ ಮಾತ್ರ ಹಾಕ್ಬೇಡಿ. "ಐ ವಂಡರ್ ಇಫ್ ಶೀ ವಿಲ್ ಕಮ್" ಗೂ ಫುಲ್‌ಸ್ಟಾಪೇ.